ಥಿಯೇಟರ್‌ನಲ್ಲಿ ಸೈ, ಟಿವಿಯಲ್ಲಿ ಬೇಡ: ಅತಿ ಹಿಂಸೆಯ ಸಿನಿಮಾಗಳ ಸುತ್ತ ಇರುವ ಗೊಂದಲ

2025ರ ಮಾರ್ಚ್‌ನಲ್ಲಿ ಬಂದ ಒಂದು ಸುದ್ದಿ ಬಹಳ ಜನರನ್ನು ಗೊಂದಲಕ್ಕೆ ಬೀಳಿಸಿತು. ಮಲಯಾಳಂನ ‘ಮಾರ್ಕೊ’ ಸಿನಿಮಾವನ್ನು ಟಿವಿಯಲ್ಲಿ ತೋರಿಸಲು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಆದರೆ ಇದೇ ಮಂಡಳಿ ಈ ಸಿನಿಮಾಕ್ಕೆ ಎ ಸರ್ಟಿಫಿಕೇಟ್ ಕೊಟ್ಟಿತ್ತು. 2024ರ ಡಿಸೆಂಬರ್ 20ಕ್ಕೆ ತೆರೆಗೆ ಬಂದ ಸಿನಿಮಾ ಚೆನ್ನಾಗಿಯೇ ಓಡಿತು. ರವಿ ಬಸ್ರೂರು ಸಂಗೀತ ಇದ್ದಿದ್ದರಿಂದ ನಮ್ಮಲ್ಲೂ ಅದರ ಬಗ್ಗೆ ಕುತೂಹಲ ಇತ್ತು. ಫೆಬ್ರವರಿಯಲ್ಲಿ ಓಟಿಟಿಗೂ ಬಂತು. ಅಂದರೆ ಮೊಬೈಲ್‌ನಲ್ಲಿ ನೋಡಬಹುದು, ಟಿವಿ ಚಾನೆಲ್‌ನಲ್ಲಿ ಮಾತ್ರ ಇಲ್ಲ. ಓಟಿಟಿಯಿಂದಲೂ ತೆಗೆಯಬೇಕು ಅಂತ ಮಂಡಳಿಯ ಕೇರಳದ ಅಧಿಕಾರಿಗಳು ಕೇಂದ್ರಕ್ಕೆ ಹೇಳಿದ್ದಾರೆ ಎಂಬ ವರದಿಯೂ ಬಂತು.

ಆ ಹೊತ್ತಿಗೆ ಕೇರಳದಲ್ಲಿ ಹದಿಹರೆಯದವರು, ಯುವಕರು ಆರೋಪಿಗಳಾಗಿದ್ದ ಕೆಲವು ಭೀಕರ ಕೊಲೆಗಳು ನಡೆದಿದ್ದವು. ಸಿನಿಮಾಗಳ ಹಿಂಸೆ ಬಗ್ಗೆ ಅಲ್ಲಿನ ವಿಧಾನಸಭೆಯಲ್ಲೂ ಮಾತಾಯಿತು. ಹಾಗಾಗಿ ಒಂದು ಸರ್ಟಿಫಿಕೇಟ್‌ನ ವಿಷಯ ಇಡೀ ಸಮಾಜದ ವಿಷಯ ಆಯಿತು.

ಸಿನಿಮಾ ಹುಚ್ಚಿರುವ ಇಬ್ಬರು ಗೆಳೆಯರು ಕೂತರೆ ಈ ಮಾತು ಬಂದೇ ಬರುತ್ತದೆ. ಒಬ್ಬ “ಇಂಥದ್ದನ್ನೆಲ್ಲ ಬ್ಯಾನ್ ಮಾಡಬೇಕು ಕಣೋ” ಅನ್ನುತ್ತಾನೆ. ಇನ್ನೊಬ್ಬ “ದೊಡ್ಡವರು ಏನು ನೋಡಬೇಕು ಅಂತ ಹೇಳೋಕೆ ಅವರ್ಯಾರು?” ಅನ್ನುತ್ತಾನೆ. ವಾದ ರಾತ್ರಿಯಿಡೀ ನಡೆದರೂ ಮುಗಿಯಲ್ಲ. ಯಾಕಂದ್ರೆ ಅಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಾಗಿ ಕೂತಿರುತ್ತವೆ. ಸಿನಿಮಾ ಮಾಡುವಾಗ ಯಾರಿಗಾದರೂ ನಿಜವಾಗಿ ನೋವಾಯಿತಾ? ಅದನ್ನು ಯಾರು ನೋಡುತ್ತಿದ್ದಾರೆ? ನೋಡಿದವರು ಕೆಡುತ್ತಾರಾ? ಮೊದಲ ಎರಡು ಪ್ರಶ್ನೆಗೆ ಉತ್ತರ ಹುಡುಕಬಹುದು. ಮೂರನೆಯದಕ್ಕೆ ಖಚಿತ ಉತ್ತರ ಇಲ್ಲ. ಆದರೂ ಬ್ಯಾನ್‌ಗಳೆಲ್ಲ ಹೆಚ್ಚುಕಡಿಮೆ ಆ ಮೂರನೆಯದರ ಮೇಲೆಯೇ ನಿಂತಿವೆ. ಗೊಂದಲದ ಮೂಲ ಇಲ್ಲಿದೆ.

ಒಂದೇ ಸಿನಿಮಾ, ಮೂರು ಕಾನೂನು

ಥಿಯೇಟರ್‌ಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಇದೆ. ಎ ಸರ್ಟಿಫಿಕೇಟ್ ಅಂದರೆ 18 ತುಂಬಿದವರು ಮಾತ್ರ ನೋಡಬಹುದು. 

ಟಿವಿಯ ಕಥೆ ಬೇರೆ. ಅಲ್ಲಿ 1995ರ ಕೇಬಲ್ ಟಿವಿ ಕಾಯ್ದೆ ಮತ್ತು ಅದರ ನಿಯಮಗಳು ನಡೆಯುತ್ತವೆ. ಎಲ್ಲರೂ ಕೂತು ನೋಡಲು ತಕ್ಕದ್ದಲ್ಲದ್ದನ್ನು ತೋರಿಸಬಾರದು ಅಂತ ಆ ನಿಯಮ ಹೇಳುತ್ತದೆ. ಟಿವಿ ಹಾಲ್‌ನಲ್ಲಿರುತ್ತದೆ, ರಿಮೋಟ್ ಮಗುವಿನ ಕೈಯಲ್ಲೂ ಇರಬಹುದು ಅನ್ನೋದು ಇದರ ಹಿಂದಿರುವ ಯೋಚನೆ. ಬ್ರಿಟನ್ನಿನಲ್ಲಿ ರಾತ್ರಿ 9ರ ಗಡಿ ಇದೆ, ಅದಾದ ಮೇಲೆ ದೊಡ್ಡವರ ಕಾರ್ಯಕ್ರಮ ಹಾಕಬಹುದು. ನಮ್ಮಲ್ಲಿ ಎಷ್ಟು ಹೊತ್ತಾದ ಮೇಲೂ ಎ ಸಿನಿಮಾಕ್ಕೆ ಟಿವಿಯಲ್ಲಿ ಜಾಗ ಇಲ್ಲ. ಹಾಗಾಗಿ ನಿರ್ಮಾಪಕರು ಕೆಲವು ದೃಶ್ಯ ಕತ್ತರಿಸಿ, ಮತ್ತೆ ಮಂಡಳಿಗೆ ಹೋಗಿ, ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ಯು/ಎ ಸರ್ಟಿಫಿಕೇಟ್‌ಗೆ ಬದಲಾಯಿಸಿಕೊಳ್ಳುತ್ತಾರೆ. ‘ಮಾರ್ಕೊ’ ವಿಷಯದಲ್ಲಿ ಆಗದೇ ಹೋಗಿದ್ದು ಇದೇ. ಗರ್ಭಿಣಿ ಮೇಲೆ, ಮಕ್ಕಳ ಮೇಲೆ ನಡೆಯುವ ಹಿಂಸೆಯ ದೃಶ್ಯಗಳು ಅದರಲ್ಲಿವೆ. ಎಷ್ಟು ಕತ್ತರಿಸಿದರೂ ಇದು ಯು/ಎ ಆಗಲ್ಲ ಅನ್ನೋದು ಮಂಡಳಿಯ ನಿಲುವು. ಅಂದರೆ ಮೊದಲು ಹೇಳಿದ ಮಾತನ್ನು ಮಂಡಳಿ ಬದಲಿಸಿಲ್ಲ. “ದೊಡ್ಡವರಿಗೆ ಮಾತ್ರ” ಅಂದಿದ್ದನ್ನೇ ಮತ್ತೆ ಹೇಳಿದೆ.

ಓಟಿಟಿಗೆ 2021ರ ಐಟಿ ನಿಯಮಗಳಿವೆ. ಅಲ್ಲಿ ವಯಸ್ಸಿನ ಗುರುತನ್ನು ಕಂಪನಿಗಳೇ ಹಾಕಿಕೊಳ್ಳುತ್ತವೆ. ದೂರು ಬಂದರೆ ಮೊದಲು ಕಂಪನಿ, ಆಮೇಲೆ ಅವರದೇ ಸಂಘ, ಕೊನೆಗೆ ಸರ್ಕಾರ ನೋಡುತ್ತದೆ. ಸೆನ್ಸಾರ್ ಮಂಡಳಿಗೆ ಅಲ್ಲಿ ಅಧಿಕಾರ ಇಲ್ಲ. ಅದು ಹೆಚ್ಚೆಂದರೆ ಕೇಂದ್ರಕ್ಕೆ ಹೇಳಬಹುದು.

ಮಂಡಳಿಯ ಕೈಯಲ್ಲಿರುವ ಅಳತೆಗೋಲು

ಮಂಡಳಿ ಯಾವ ಆಧಾರದ ಮೇಲೆ ನಿರ್ಧರಿಸುತ್ತದೆ? 1991ರ ಮಾರ್ಗಸೂಚಿ ಈಗಲೂ ಅದರ ಕೈಯಲ್ಲಿದೆ. ಅರ್ಥವಿಲ್ಲದ, ಬಿಡಬಹುದಾದ ಹಿಂಸೆ, ಕ್ರೌರ್ಯ, ಭೀಕರತೆ ಇರಬಾರದು ಅಂತ ಅದು ಹೇಳುತ್ತದೆ. ಮುಖ್ಯವಾಗಿ ಮನರಂಜನೆಗೆಂದೇ ಇರುವ ಹಿಂಸೆಯೂ ಬೇಡ, ಜನರ ಮನಸ್ಸನ್ನು ಮರಗಟ್ಟಿಸುವ ದೃಶ್ಯವೂ ಬೇಡ.

ಇದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರೆ ಏನಾಗುತ್ತದೆ ಯೋಚಿಸಿ. ಆಕ್ಷನ್ ಸಿನಿಮಾದಲ್ಲಿ ಹೀರೊ ಇಪ್ಪತ್ತು ಜನರನ್ನು ಹೊಡೆದು ಉರುಳಿಸೋದು ಮನರಂಜನೆಗೇ ತಾನೇ? ಅದೂ ಹೋಗಬೇಕು. ಆದರೆ ಹೋಗಲ್ಲ, ಹೋಗೋದೂ ಬೇಕಿಲ್ಲ. ಹಾಗಾಗಿ ಯಾವ ಹಿಂಸೆಗೆ ಅರ್ಥ ಇದೆ, ಯಾವುದಕ್ಕೆ ಇಲ್ಲ ಅನ್ನೋದನ್ನು ಆ ದಿನ ಸಿನಿಮಾ ನೋಡಿದ ನಾಲ್ಕಾರು ಸದಸ್ಯರೇ ನಿರ್ಧರಿಸುತ್ತಾರೆ. ಇನ್ನೊಂದು ಊರಿನಲ್ಲಿ, ಇನ್ನೊಂದು ಸಮಿತಿ, ಇನ್ನೊಂದು ತೀರ್ಮಾನ ಕೊಡಬಹುದು. ನಿರ್ಮಾಪಕರಿಗೆ ಮುಂಚೆ ಏನೂ ಗೊತ್ತಾಗಲ್ಲ.

ಕೋರ್ಟ್‌ಗಳು ಇದಕ್ಕಿಂತ ಸ್ಪಷ್ಟವಾಗಿ ಮಾತಾಡಿವೆ. 1970ರಲ್ಲಿ ನಿರ್ದೇಶಕ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೆನ್ಸಾರ್ ವ್ಯವಸ್ಥೆಯನ್ನು ಎತ್ತಿ ಹಿಡಿಯಿತು. ಆದರೆ ವಿಷಯ ಯಾವುದು ಅನ್ನೋದಕ್ಕಿಂತ ಅದನ್ನು ಹೇಗೆ ತೋರಿಸಿದ್ದಾರೆ ಅನ್ನೋದು ಮುಖ್ಯ ಅಂತ ಒತ್ತಿ ಹೇಳಿತು. 1996ರಲ್ಲಿ, ಫೂಲನ್ ದೇವಿ ಕುರಿತ ‘ಬ್ಯಾಂಡಿಟ್ ಕ್ವೀನ್’ ಸಿನಿಮಾದ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅತ್ಯಾಚಾರದ ದೃಶ್ಯ ನೋಡಿದವರಿಗೆ ಮಾಡಿದವರ ಮೇಲೆ ಅಸಹ್ಯ, ಅನುಭವಿಸಿದವಳ ಮೇಲೆ ಮರುಕ ಹುಟ್ಟುತ್ತದೆ, ಸಿನಿಮಾವನ್ನು ಇಡಿಯಾಗಿ ನೋಡಬೇಕು, ಒಂದು ದೃಶ್ಯ ಹಿಡಿದುಕೊಂಡು ಅಲ್ಲ ಅಂದಿತು. ಒಳ್ಳೆಯ ಅಳತೆಗೋಲು ಇದು. ಕ್ರೌರ್ಯ ತೆರೆ ಮೇಲೆ ಇದೆಯಾ ಅನ್ನೋದಕ್ಕಿಂತ ಸಿನಿಮಾ ನಮ್ಮನ್ನು ಯಾರ ಪಕ್ಕ ನಿಲ್ಲಿಸುತ್ತಿದೆ ಅನ್ನೋದನ್ನು ಇದು ಕೇಳುತ್ತದೆ.

ಇಂಗ್ಲೆಂಡ್ ಇದನ್ನೆಲ್ಲ ಮೊದಲೇ ಅನುಭವಿಸಿತ್ತು

‘ಮಾರ್ಕೊ’ ಆಕ್ಷನ್ ಸಿನಿಮಾ, ಹಾರರ್ ಅಲ್ಲ. ಆದರೆ ಈ ಪ್ರಶ್ನೆಗಳೆಲ್ಲ ಹಾರರ್ ಸಿನಿಮಾಗಳ ಸುತ್ತ ಮೊದಲೇ ಎದ್ದಿದ್ದವು. ಕನ್ನಡದಲ್ಲಿ ಹಾರರ್ ಅಂದರೆ ದೆವ್ವ. ‘ನಾ ನಿನ್ನ ಬಿಡಲಾರೆ’ಯಿಂದ ‘ಆಪ್ತಮಿತ್ರ’ದವರೆಗೆ ನಮ್ಮನ್ನು ಹೆದರಿಸಿದ್ದು ಮೈಮೇಲೆ ಬರುವ ಆತ್ಮ, ಮುಚ್ಚಿದ ಕೋಣೆ, ಗೆಜ್ಜೆ ಸದ್ದು. ಅತಿರೇಕದ ಹಾರರ್‌ನಲ್ಲಿ ದೆವ್ವ ಬೇಕಾಗಿಯೇ ಇಲ್ಲ. ಮನುಷ್ಯನ ದೇಹಕ್ಕೆ ಏನೇನು ಮಾಡಬಹುದು ಅನ್ನೋದೇ ಅಲ್ಲಿನ ಭಯ. ಕ್ಯಾಮೆರಾ ಬೇರೆ ಕಡೆ ತಿರುಗಲ್ಲ.

1980ರ ಸುಮಾರಿಗೆ ಬ್ರಿಟನ್ನಿನ ಮನೆಗಳಿಗೆ ವಿಸಿಆರ್ ಬಂತು. ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಗಳು ಬೀದಿಬೀದಿಯಲ್ಲಿ ಎದ್ದವು. ದೊಡ್ಡ ಹಾಲಿವುಡ್ ಕಂಪನಿಗಳು ಕ್ಯಾಸೆಟ್ ಬಗ್ಗೆ ಇನ್ನೂ ಹಿಂದೆಮುಂದೆ ನೋಡುತ್ತಿದ್ದವು. ಖಾಲಿ ಕಪಾಟು ತುಂಬಿದ್ದು ಇಟಲಿ, ಅಮೆರಿಕದ ಅಗ್ಗದ ಹಾರರ್ ಸಿನಿಮಾಗಳು. ಸೆನ್ಸಾರ್ ಕಾನೂನು ಥಿಯೇಟರ್‌ಗಷ್ಟೇ ಇತ್ತು, ಕ್ಯಾಸೆಟ್‌ಗೆ ಇರಲಿಲ್ಲ. ಹಾಗಾಗಿ ಕತ್ತರಿ ಬೀಳದ ಸಿನಿಮಾಗಳು ನೇರವಾಗಿ ಮನೆಗೆ ಬಂದವು. ಹಣೆಗೆ ಡ್ರಿಲ್ ಇಳಿಯುತ್ತಿರುವ ‘ದಿ ಡ್ರಿಲ್ಲರ್ ಕಿಲ್ಲರ್’ ಜಾಹೀರಾತು ಪುಟ ತುಂಬ ಅಚ್ಚಾಯಿತು. ದೂರುಗಳು ಬಂದವು. ಪತ್ರಿಕೆಗಳು, ಮೇರಿ ವೈಟ್‌ಹೌಸ್ ಅವರಂಥ ಹೋರಾಟಗಾರರು ಹೋರಾಟಕ್ಕೆ ಇಳಿದರು. ಈ ಸಿನಿಮಾಗಳಿಗೆ ‘ವಿಡಿಯೊ ನ್ಯಾಸ್ಟಿ’, ಅಂದರೆ ಹೊಲಸು ವಿಡಿಯೊ, ಅಂತ ಹೆಸರು ಬಿತ್ತು.

ಪೊಲೀಸರು ಅಂಗಡಿಗಳ ಮೇಲೆ ದಾಳಿ ಶುರು ಮಾಡಿದರು. ಆದರೆ ಯಾವುದನ್ನು ಹಿಡಿಯಬೇಕು? ಕೈಯಲ್ಲಿದ್ದಿದ್ದು 1959ರ ಅಶ್ಲೀಲತೆಯ ಕಾನೂನು. ಒಂದು ಊರಿನ ಕೋರ್ಟ್ ತಪ್ಪು ಅಂದಿದ್ದನ್ನು ಇನ್ನೊಂದು ಊರಿನ ಕೋರ್ಟ್ ಬಿಟ್ಟುಬಿಡುತ್ತಿತ್ತು. ಅಂಗಡಿಯವನಿಗೆ ತನ್ನ ಕಪಾಟಿನಲ್ಲಿರುವುದು ಅಪರಾಧವೋ ಅಲ್ಲವೋ ತಿಳಿಯುತ್ತಿರಲಿಲ್ಲ. ಈ ಗೊಂದಲ ಬಿಡಿಸಲು ಸರ್ಕಾರಿ ಅಭಿಯೋಜಕರು ಒಂದು ಪಟ್ಟಿ ಮಾಡಿದರು. ಒಟ್ಟು 72 ಹೆಸರುಗಳು ಅದರಲ್ಲಿ ಬಂದು ಹೋದವು. ಕೋರ್ಟ್‌ನಲ್ಲಿ ನಿಂತಿದ್ದು 39 ಮಾತ್ರ. 1984ರಲ್ಲಿ ಹೊಸ ಕಾನೂನು ಬಂದು ಕ್ಯಾಸೆಟ್‌ಗೂ ಸರ್ಟಿಫಿಕೇಟ್ ಕಡ್ಡಾಯ ಆಯಿತು.

ಇದರ ಫಲ ಏನಾಯಿತು? ಆ ಪಟ್ಟಿ ಹಾರರ್ ಅಭಿಮಾನಿಗಳಿಗೆ ‘ನೋಡಲೇಬೇಕಾದ ಸಿನಿಮಾಗಳ’ ಪಟ್ಟಿ ಆಯಿತು. ಯಾರೂ ಎರಡನೇ ಸಲ ನೋಡದಂಥ ಸಾಧಾರಣ ಸಿನಿಮಾಗಳಿಗೂ ಆಯುಷ್ಯ ಬಂತು. ಕಳ್ಳ ಕಾಪಿಗಳು ಕೈಯಿಂದ ಕೈಗೆ ಹೋದವು. ಮುಂದೆ ‘ದಿ ಈವಿಲ್ ಡೆಡ್’ 2001ರಲ್ಲಿ, ‘ದಿ ಡ್ರಿಲ್ಲರ್ ಕಿಲ್ಲರ್’ 2002ರಲ್ಲಿ ಒಂದೂ ಕತ್ತರಿ ಇಲ್ಲದೆ ಅದೇ ಬ್ರಿಟನ್ನಿನಲ್ಲಿ ಪಾಸಾದವು. ಅಂಗಡಿಯವರನ್ನು ಕೋರ್ಟ್‌ಗೆ ಎಳೆದ ಸಿನಿಮಾಗಳು ಇವೇ. ಇನ್ನೊಂದು ಸಂಗತಿಯೂ ಇದೆ. 1984ರ ಕಾನೂನನ್ನು ಯುರೋಪಿಯನ್ ಕಮಿಷನ್‌ಗೆ ತಿಳಿಸುವ ವಿಧಿ ಪಾಲಿಸಿರಲಿಲ್ಲ ಅಂತ 2009ರಲ್ಲಿ ಗೊತ್ತಾಯಿತು. ಹಾಗಾಗಿ ಅದನ್ನು ಜಾರಿ ಮಾಡುವಂತೆಯೇ ಇರಲಿಲ್ಲ. 2010ರಲ್ಲಿ ಮತ್ತೆ ಪಾಸು ಮಾಡಬೇಕಾಯಿತು. 

ಹೊಸ ಮಾಧ್ಯಮ ಬರುತ್ತದೆ. ಹಳೆಯ ಕಾನೂನಿಗೆ ಅದು ಸಿಗಲ್ಲ. ಒಂದು ಅಪರಾಧ ನಡೆಯುತ್ತದೆ, ಜನ ಹೆದರುತ್ತಾರೆ. ಆ ಹೆದರಿಕೆಯಲ್ಲಿ ಕಾನೂನು ಬರುತ್ತದೆ. ಅಂದು ವಿಸಿಆರ್, ಇಂದು ಓಟಿಟಿ.

ನಿಜವಾದ ನೋವು ಎಲ್ಲಿತ್ತು

ಆ ಪಟ್ಟಿಯಲ್ಲಿದ್ದ ಒಂದು ಸಿನಿಮಾವನ್ನು ಹತ್ತಿರದಿಂದ ನೋಡಬೇಕು. ರುಜ್ಜೆರೊ ದೆಯೊದಾತೊ ನಿರ್ದೇಶನದ ‘ಕ್ಯಾನಿಬಲ್ ಹೊಲೋಕಾಸ್ಟ್’. 1980ರಲ್ಲಿ ಇಟಲಿಯಲ್ಲಿ ಬಿಡುಗಡೆ ಆಯಿತು. ಅಮೆಜಾನ್ ಕಾಡಿಗೆ ಹೋದ ಸಾಕ್ಷ್ಯಚಿತ್ರ ತಂಡ ಕಾಣೆಯಾಗುತ್ತದೆ, ಅವರು ಚಿತ್ರಿಸಿದ ರೀಲುಗಳು ಮಾತ್ರ ಸಿಗುತ್ತವೆ ಅನ್ನೋದು ಕಥೆ. ಎಲ್ಲವೂ ನಿಜ ಅನ್ನಿಸಲಿ ಅಂತ, ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬೇಡಿ ಅಂತ ನಟರಿಗೆ ಕರಾರು ಹಾಕಿದ್ದರು. ಬಿಡುಗಡೆಯಾಗಿ ಹತ್ತು ದಿನಕ್ಕೆ ಮಿಲಾನ್‌ನಲ್ಲಿ ಸಿನಿಮಾ ಜಪ್ತಿ ಆಯಿತು. ನಟರನ್ನು ನಿಜವಾಗಿಯೇ ಕೊಂದಿದ್ದಾರೆ ಎಂಬ ಅನುಮಾನ ನಿರ್ದೇಶಕನ ಮೇಲೆ ಬಂತು.

ಅವನು ನಟರನ್ನು ಹುಡುಕಿ ಕರೆತಂದು ಬದುಕಿದ್ದಾರೆ ಅಂತ ತೋರಿಸಬೇಕಾಯಿತು. ಸಿನಿಮಾದ ಅತಿ ಭೀಕರ ದೃಶ್ಯದಲ್ಲಿ ಹೆಂಗಸೊಬ್ಬಳ ದೇಹ ಶೂಲಕ್ಕೆ ಚುಚ್ಚಿದ ಹಾಗೆ ಕಾಣುತ್ತದೆ. ಅದನ್ನು ಹೇಗೆ ಮಾಡಿದ್ದು ಅಂತಲೂ ಅವನು ವಿವರಿಸಿದ. ಕಬ್ಬಿಣದ ಕಂಬಕ್ಕೆ ಸೈಕಲ್ ಸೀಟು ಕಟ್ಟಿದ್ದರು. ನಟಿ ಅದರ ಮೇಲೆ ಕೂತು, ಹಗುರವಾದ ಬಾಲ್ಸಾ ಮರದ ಮೊನೆಯನ್ನು ಬಾಯಲ್ಲಿ ಕಚ್ಚಿಕೊಂಡು ತಲೆ ಮೇಲೆತ್ತಿದ್ದಳು. ಮೇಲೆ ಬಣ್ಣದ ರಕ್ತ. ಅಷ್ಟೇ. ಯಾರಿಗೂ ಗೀರೂ ಆಗಿರಲಿಲ್ಲ.

ಆದರೆ ಅದೇ ಸಿನಿಮಾದಲ್ಲಿ ಆಮೆ, ಕೊವಾಟಿ ಎಂಬ ಕಾಡುಪ್ರಾಣಿ, ಕೋತಿ, ಹಂದಿಗಳನ್ನು ಕ್ಯಾಮೆರಾ ಎದುರು ನಿಜವಾಗಿಯೇ ಕೊಂದಿದ್ದರು. ಅಲ್ಲಿ ಬಣ್ಣ ಇರಲಿಲ್ಲ.

2011ರಲ್ಲಿ ಬ್ರಿಟನ್ನಿನ ಮಂಡಳಿ ಈ ಸಿನಿಮಾವನ್ನು ಮತ್ತೆ ನೋಡಿತು. ಮನುಷ್ಯರ ಮೇಲಿನ ನಟನೆಯ ಕ್ರೌರ್ಯವನ್ನೆಲ್ಲ ಹಾಗೇ ಉಳಿಸಿ 15 ಸೆಕೆಂಡ್ ಮಾತ್ರ ತೆಗೆಸಿತು. ಅದು ಆ ಕೊವಾಟಿಯನ್ನು ನರಳಿಸಿ ಕೊಲ್ಲುವ ಭಾಗ. ಶೂಟಿಂಗ್‌ಗಾಗಿ ಪ್ರಾಣಿಗೆ ಹಿಂಸೆ ಕೊಟ್ಟ ದೃಶ್ಯ ತೋರಿಸಬಾರದು ಅಂತ ಅಲ್ಲಿ 1937ರಿಂದಲೇ ಕಾನೂನಿದೆ. ಮೂವತ್ತು ವರ್ಷ ಈ ಸಿನಿಮಾದ ಬಗ್ಗೆ ಜನ ಗಾಬರಿಯಾಗಿದ್ದು ಸೈಕಲ್ ಸೀಟಿನ ದೃಶ್ಯಕ್ಕೆ. ನಿಜವಾದ ಅಪರಾಧ ಇದ್ದಿದ್ದು ಆ 15 ಸೆಕೆಂಡಿನಲ್ಲಿ. ಬಿಗಿಯಾದ ಗೆರೆ ಎಳೆಯಬೇಕಾದ ಜಾಗ ಇದೇ ಅಂತ ನನಗೆ ಅನ್ನಿಸುತ್ತದೆ. ನಮ್ಮಲ್ಲೂ ಸಿನಿಮಾದಲ್ಲಿ ಪ್ರಾಣಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಪತ್ರ ಬೇಕು. ಸಿನಿಮಾ ಶುರುವಿನಲ್ಲಿ ಬರುವ ಆ ಸಾಲು ಸುಮ್ನೆ ಹಾಕಿದ್ದಲ್ಲ.

ಕಷ್ಟದ ಪ್ರಕರಣವೂ ಇದೆ. 2010ರ ‘ಎ ಸರ್ಬಿಯನ್ ಫಿಲ್ಮ್’ನಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಕಲ್ಪನೆ ಇದೆ. ತಮ್ಮ ದೇಶ ತಮ್ಮ ಜನರನ್ನು ಹೇಗೆ ನಡೆಸಿಕೊಂಡಿತು ಅನ್ನೋದರ ರೂಪಕ ಅದು ಅಂತ ನಿರ್ದೇಶಕರು ಹೇಳಿದರು. ಬ್ರಿಟನ್ನಿನ ಮಂಡಳಿ 49 ಕಡೆ ಕತ್ತರಿ ಹಾಕಿ, ನಾಲ್ಕು ನಿಮಿಷಕ್ಕೂ ಜಾಸ್ತಿ ತೆಗೆಸಿತು. ಸ್ಪೇನ್‌ನ ಸಿಟ್ಜೆಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಕ್ಕೆ ಉತ್ಸವದ ನಿರ್ದೇಶಕರ ಮೇಲೆಯೇ 2011ರಲ್ಲಿ ಕೇಸು ಬಿತ್ತು. ‘ದೊಡ್ಡವರ ಆಯ್ಕೆ’ ಅನ್ನುವ ವಾದ ಇಲ್ಲಿ ತಡವರಿಸುತ್ತದೆ. ಯಾವ ಮಗುವಿಗೂ ನೋವಾಗದಿದ್ದರೂ, ಮಕ್ಕಳನ್ನು ಆ ರೀತಿ ತೋರಿಸುವ ಚಿತ್ರವೇ ದುರುಪಯೋಗ ಆಗಬಹುದು. ಅಲ್ಲಿ ಕತ್ತರಿ ಹಾಕಿದ್ದು ಸರಿ ಅನ್ನೋದು ನನ್ನ ನಿಲುವು.

ನೋಡಿದವರು ಕೆಡುತ್ತಾರಾ?

ಬ್ಯಾನ್ ಕೇಳುವವರ ಮುಖ್ಯ ವಾದ ಇದೇ. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಪುಟ್ಟ ಮಕ್ಕಳು ಭೀಕರ ದೃಶ್ಯ ನೋಡಿದರೆ ನಿದ್ದೆ ಕೆಡುತ್ತದೆ, ಭಯ ಬಹಳ ಕಾಲ ಉಳಿಯುತ್ತದೆ. ಇದಕ್ಕೆ ಸಾಕಷ್ಟು ಆಧಾರ ಇದೆ. ಆದರೆ ಹಿಂಸೆಯ ಸಿನಿಮಾ ನೋಡಿ ದೊಡ್ಡವನೊಬ್ಬ ಕೊಲೆಗಾರ ಆಗುತ್ತಾನೆ ಅನ್ನೋದು ಬೇರೆಯೇ ಮಾತು. ದಶಕಗಳಿಂದ ಸಂಶೋಧಕರು ಜಗಳ ಆಡುತ್ತಿದ್ದರೂ ಅದು ಸಾಬೀತಾಗಿಲ್ಲ. ಒಂದು ಕೊಲೆಯ ಹಿಂದೆ ಮಾದಕ ವಸ್ತು, ಸಾಲ, ಮನೆಯ ಜಗಳ, ಮನಸ್ಸಿನ ಕಾಯಿಲೆ ಹೀಗೆ ಏನೇನೋ ಇರುತ್ತದೆ. ಅವುಗಳಿಗೆ ಉತ್ತರ ಹುಡುಕಲು ವರ್ಷಗಳು ಬೇಕು. ಸಿನಿಮಾದ ಹೆಸರು ಹೇಳಲು ಒಂದು ನಿಮಿಷ ಸಾಕು. ತೊಂದರೆ ಏನೆಂದರೆ, ಸಿನಿಮಾದ ಮೇಲೆ ಹೊಣೆ ಹಾಕಿದಾಗ ಉಳಿದ ಕಾರಣಗಳ ಮೇಲಿನ ಗಮನ ಹೋಗಿಬಿಡುತ್ತದೆ.

ಇನ್ನೊಂದು ಕಡೆಯವರೂ ಒಂದು ಮಾತು ಒಪ್ಪಬೇಕು. ಹಾರರ್ ಅನ್ನುವ ಕಾರಣಕ್ಕೆ ಎಲ್ಲವೂ ಕಲೆ ಆಗಲ್ಲ. ನೋವನ್ನು ತೋರಿಸಿ ನೋವು ಅಂದರೆ ಏನು ಅಂತ ತಿಳಿಸುವ ಸಿನಿಮಾ ಇದೆ. ನೋವನ್ನೇ ತಮಾಷೆ ಮಾಡುವ ಸಿನಿಮಾವೂ ಇದೆ. ವಿಮರ್ಶಕರು ಎರಡನೆಯದನ್ನು ಕಟುವಾಗಿ ಟೀಕಿಸಬೇಕು. ಆದರೆ ಟೀಕೆ ಬೇರೆ, ಪೊಲೀಸ್ ಕೇಸು ಬೇರೆ.

ಬ್ಯಾನ್ ಅನ್ನೋದೇ ಪ್ರಚಾರ ಆದಾಗ

2011ರ ಜೂನ್‌ನಲ್ಲಿ ಬ್ರಿಟನ್ನಿನ ಮಂಡಳಿ ‘ದಿ ಹ್ಯೂಮನ್ ಸೆಂಟಿಪೀಡ್ 2’ಗೆ ಸರ್ಟಿಫಿಕೇಟ್ ಕೊಡಲ್ಲ ಅಂದಿತು. ಯಾಕೆ ಅಂತ ವಿವರಿಸುವಾಗ ಯಾವ್ಯಾವ ದೃಶ್ಯ ಅಂತಲೂ ಬರೆಯಿತು. ಆ ವಿವರಣೆ ಎಲ್ಲ ಕಡೆ ಹರಡಿತು. ಅಕ್ಟೋಬರ್‌ನಲ್ಲಿ 32 ಕಡೆ ಕತ್ತರಿ ಹಾಕಿ ಅದನ್ನೇ ಬಿಡುಗಡೆ ಮಾಡಿದರು. ಅಷ್ಟರಲ್ಲಿ ಸಿನಿಮಾದ ಹೆಸರು ಕೇಳದವರೇ ಇರಲಿಲ್ಲ.

ಅಮೆರಿಕದಲ್ಲಿ ಸಿನಿಮಾಕ್ಕೆ ವಯಸ್ಸಿನ ರೇಟಿಂಗ್ ತೆಗೆದುಕೊಳ್ಳಲೇಬೇಕು ಅನ್ನುವ ಕಾನೂನಿಲ್ಲ. ‘ಟೆರಿಫೈಯರ್ 3’ 2024ರಲ್ಲಿ ರೇಟಿಂಗ್ ಇಲ್ಲದೇ ಬಂತು. ಫ್ರಾನ್ಸ್‌ನಲ್ಲಿ 18ಕ್ಕಿಂತ ಕಡಿಮೆ ಇದ್ದವರಿಗೆ ನಿಷೇಧ ಆಯಿತು. ಹಾರರ್ ಸಿನಿಮಾಕ್ಕೆ ಅಲ್ಲಿ ಅಪರೂಪದ ನಿರ್ಧಾರ ಅದು. ಸುಮಾರು 20 ಲಕ್ಷ ಡಾಲರ್‌ನಲ್ಲಿ ಮಾಡಿದ ಸಿನಿಮಾ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಮೊದಲ ವಾರ ಮೊದಲ ಸ್ಥಾನಕ್ಕೆ ಬಂತು. ‘ಇದನ್ನು ನೋಡಿ ಜನ ಹೊರಗೆ ಓಡಿದರು’ ಅನ್ನುವ ಸುದ್ದಿಗಳೇ ಅದರ ದೊಡ್ಡ ಜಾಹೀರಾತು. ‘ಮಾರ್ಕೊ’ವನ್ನೂ ‘ಅತಿ ಹಿಂಸೆಯ ಸಿನಿಮಾ’ ಅಂತಲೇ ಮಾರಿದ್ದು. ನಿಷೇಧದ ಮಾತು ಎದ್ದಷ್ಟೂ ಹದಿನಾರರ ಹುಡುಗನಿಗೆ ಆಸೆ ಜಾಸ್ತಿ ಆಗುತ್ತದೆ. ಟೆಲಿಗ್ರಾಂನಲ್ಲಿ ಅವನಿಗೆ ಸಿಗುವ ಕಾಪಿಗೆ ಎ ಗುರುತೂ ಇರಲ್ಲ, ಪಾಸ್‌ವರ್ಡೂ ಇರಲ್ಲ.

ಬಾಗಿಲಲ್ಲಿ ಯಾರೂ ಇಲ್ಲ

ನಮ್ಮಲ್ಲಿ ನಿಜವಾಗಿ ಸೋತಿರುವುದು ಎರಡನೇ ಪ್ರಶ್ನೆ. ಯಾರು ನೋಡುತ್ತಿದ್ದಾರೆ?

ಎ ಸಿನಿಮಾಕ್ಕೆ 18 ತುಂಬದವರನ್ನು ಒಳಗೆ ಬಿಟ್ಟರೆ ಅದು ಕಾಯ್ದೆಯ ಪ್ರಕಾರ ತಪ್ಪು. ಆದರೂ ಅಪ್ಪ ಅಮ್ಮ ಎಲ್‌ಕೆಜಿ ಮಗುವನ್ನು ಎತ್ತಿಕೊಂಡು ಎ ಸಿನಿಮಾಕ್ಕೆ ಹೋಗೋದು ಸಾಮಾನ್ಯ. ಟಿಕೆಟ್ ಆನ್‌ಲೈನ್‌ನಲ್ಲಿ ಬುಕ್ ಆಗಿರುತ್ತದೆ. ಬಾಗಿಲಲ್ಲಿರುವ ಹುಡುಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾನೆ, ಮುಖ ನೋಡಲ್ಲ. ನೋಡಿ ತಡೆದರೆ “ನಮ್ಮ ಮಗು, ನಮ್ಮಿಷ್ಟ” ಅಂತ ಜಗಳಕ್ಕೆ ಬರುತ್ತಾರೆ. ಎ ಅಂದರೆ ಪೋಷಕರ ಜೊತೆ ಬಂದರೂ ಮಕ್ಕಳಿಗೆ ಪ್ರವೇಶ ಇಲ್ಲ ಅನ್ನೋದು ಬಹಳ ಪೋಷಕರಿಗೆ ಗೊತ್ತೇ ಇಲ್ಲ.

2023ರ ತಿದ್ದುಪಡಿಯಲ್ಲಿ ಯು/ಎ ಅನ್ನು 7, 13, 16 ಅಂತ ಮೂರು ಭಾಗ ಮಾಡಿದ್ದು ಒಳ್ಳೆಯ ಹೆಜ್ಜೆ. ಆದರೆ ಅದು ಪೋಷಕರಿಗೆ ಸೂಚನೆ ಮಾತ್ರ, ತಡೆ ಅಲ್ಲ. ಕರ್ನಾಟಕದಲ್ಲಿ ಥಿಯೇಟರ್‌ಗಳಿಗೆ ಲೈಸೆನ್ಸ್ ಕೊಡೋದು 1964ರ ರಾಜ್ಯ ಕಾಯ್ದೆಯ ಕೆಳಗೆ. ಅಂದರೆ ಬಾಗಿಲಲ್ಲಿ ವಯಸ್ಸು ನೋಡಿಸುವ ಕೆಲಸಕ್ಕೆ ದೆಹಲಿಯ ಹೊಸ ಕಾನೂನು ಬೇಕಾಗಿಲ್ಲ, ಜಿಲ್ಲಾಡಳಿತ ಮನಸ್ಸು ಮಾಡಿದರೆ ಸಾಕು. ಓಟಿಟಿಯಲ್ಲೂ ಎ ಸಿನಿಮಾಕ್ಕೆ ವಯಸ್ಸು ಖಚಿತಪಡಿಸಿಕೊಳ್ಳಬೇಕು ಅಂತ 2021ರ ನಿಯಮವೇ ಹೇಳುತ್ತದೆ. ಆದರೆ ಮನೆಗೊಂದೇ ಲಾಗಿನ್. ಮಗುವಿಗೆ ಬೇರೆ ಪ್ರೊಫೈಲ್ ಮಾಡಿ ಪಿನ್ ಹಾಕಲು ಎರಡು ನಿಮಿಷ ಸಾಕು, ಅದನ್ನು ಮಾಡಿದ ಮನೆಗಳು ಎಷ್ಟಿವೆ?

ಮುಂದೇನಾಗಬಹುದು

ಟಿವಿ ಹಕ್ಕು ಹೋದರೆ ನಿರ್ಮಾಪಕರಿಗೆ ನಷ್ಟ. ಹಾಗಾಗಿ ದೊಡ್ಡ ಬಜೆಟ್‌ನವರು ಬರವಣಿಗೆಯ ಹಂತದಲ್ಲೇ ಹಿಂಸೆ ಕಡಿಮೆ ಮಾಡಿಕೊಳ್ಳಬಹುದು. ಸಣ್ಣ ಬಜೆಟ್‌ನವರಿಗೆ ಟಿವಿಯಿಂದ ಬರುವ ಹಣವೇ ಕಡಿಮೆ, ಅವರು ಇನ್ನಷ್ಟು ಅತಿರೇಕಕ್ಕೆ ಹೋಗಬಹುದು. ಮಂಡಳಿಯ ತೀರ್ಮಾನ ಒಪ್ಪದವರಿಗೆ ಮೊದಲು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರಲ್ಲಿ ಅದನ್ನು ತೆಗೆದುಹಾಕಿದರು. ಈಗ ನೇರ ಹೈಕೋರ್ಟ್‌ಗೇ ಹೋಗಬೇಕು. ದೊಡ್ಡ ನಿರ್ಮಾಪಕರಿಗೆ ಅದು ಸಾಧ್ಯ. ಮೊದಲ ಸಿನಿಮಾ ಮಾಡಿದ ಹುಡುಗರಿಗೆ ವಕೀಲರ ಫೀಸೇ ಭಾರ. ಅವರು ಹೇಳಿದಷ್ಟು ಕತ್ತರಿಸಿಕೊಂಡು ಸುಮ್ಮನಾಗುತ್ತಾರೆ.

ಎಲ್ಲಕ್ಕಿಂತ ಗಮನ ಇಡಬೇಕಾದ್ದು 2023ರ ತಿದ್ದುಪಡಿಯ ಒಂದು ಸಣ್ಣ ಭಾಗದ ಮೇಲೆ. ಎ ಸಿನಿಮಾಗಳಿಗೆ ಟಿವಿಯಲ್ಲಿ ಅಥವಾ ಕೇಂದ್ರ ಸರ್ಕಾರ ಗೊತ್ತುಪಡಿಸುವ ಬೇರೆ ಮಾಧ್ಯಮದಲ್ಲಿ ತೋರಿಸಲು ಮಂಡಳಿ ಪ್ರತ್ಯೇಕ ಸರ್ಟಿಫಿಕೇಟ್ ಕೊಡಬಹುದು ಅಂತ ಅದರಲ್ಲಿದೆ. ಆ ‘ಬೇರೆ ಮಾಧ್ಯಮ’ದಲ್ಲಿ ಓಟಿಟಿಯನ್ನೂ ಸೇರಿಸಿದರೆ, ಇಂದು ಕಂಪನಿಗಳ ಕೈಯಲ್ಲಿರುವ ತೀರ್ಮಾನ ಮಂಡಳಿಗೆ ಹೋಗುತ್ತದೆ. ಆಗ 1991ರ ಆ ಅಸ್ಪಷ್ಟ ಮಾರ್ಗಸೂಚಿಯೇ ನಮ್ಮ ಮೊಬೈಲ್‌ಗೂ ಅಳತೆಗೋಲು. ಅದಕ್ಕೆ ಹೊಸ ಕಾಯ್ದೆ ಬೇಕಾಗಲ್ಲ, ಸಂಸತ್ತಿನಲ್ಲಿ ಚರ್ಚೆಯೂ ಬೇಕಾಗಲ್ಲ. ನಿಯಮದಲ್ಲಿ ಒಂದು ಸಾಲು ಸೇರಿಸಿ ಗೆಜೆಟ್‌ನಲ್ಲಿ ಪ್ರಕಟಿಸಿದರೆ ಆಯಿತು. ಇಂಥದ್ದೇನಾದರೂ ಬರುವ ಮುಂಚೆ ಆ ಮಾರ್ಗಸೂಚಿಯನ್ನು ‘ಬ್ಯಾಂಡಿಟ್ ಕ್ವೀನ್’ ತೀರ್ಪಿಗೆ ತಕ್ಕ ಹಾಗೆ ತಿದ್ದಬೇಕು ಅಂತ ಚಿತ್ರರಂಗ ಈಗಲೇ ಕೇಳಬೇಕು.